ಡಿಕ್ಲರೇಷನ್ ಕೊಟ್ಟ ಗದ್ದೆ

"ನಿಮ್ಮೂರ ಕಡೆ ಎಕರೆಗೆ ಎಷ್ಟು ನಡೀತಿದೆ?"

ನಾನು ಹೊನ್ನಾವರದ ಕಡೆಯವನು ಅಂತ ಗೊತ್ತಾದ ಐದು ನಿಮಿಷಕ್ಕೆ ಆಫೀಸಿನಲ್ಲಿ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು. ನಮ್ಮ ಮನೆಗೆ ಒಂದು ಎಕರೆ ಹನ್ನೊಂದು ಗುಂಟೆ ಗದ್ದೆ ಇದೆ, ದೊಡ್ಡಪ್ಪ ಇನ್ನೂ ಭತ್ತ ಹಾಕುತ್ತಾರೆ ಅಂದರೆ ಮುಂದಿನ ಪ್ರಶ್ನೆ ರೆಡಿ: "ಲಾಭ ಎಷ್ಟು ಬರುತ್ತೆ?" ಲಾಭ ಇಲ್ಲ ಮಾರಾಯ, ಟಿಲ್ಲರ್ ಬಾಡಿಗೆ, ನಾಟಿ ಕೂಲಿ, ಕೊಯ್ಲಿನ ಕೂಲಿ ಎಲ್ಲ ಎಕ್ಸೆಲ್ ಶೀಟಿಗೆ ಹಾಕಿ ನೋಡಿದರೆ ಕೆಳಗಿನ ಸಾಲು ಕೆಂಪಗೇ ಇರುತ್ತದೆ. "ಹಾಗಾದ್ರೆ ಮಾರಿ ಎಫ್‌ಡಿ ಇಟ್ರೆ ಆಗಲ್ವಾ?"

ಕೇಳುವುದರಲ್ಲಿ ತಪ್ಪೇನಿಲ್ಲ. ಇದಕ್ಕೆ ನಾವು ಕೊಡುವ ರೆಡಿಮೇಡ್ ಉತ್ತರದ ಮೇಲೆ ನನಗೆ ನಂಬಿಕೆಯಿಲ್ಲ, ಅಷ್ಟೇ. ಭೂಮಿತಾಯಿ, ಮಣ್ಣಿನ ನಂಟು, ರೈತನ ಭಾವನೆ ಇತ್ಯಾದಿ. ಮಳೆಯಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡುವಾಗ ದೊಡ್ಡಪ್ಪ ಗದ್ದೆಗೆ ಹೇಳುವ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ, ಅದರಲ್ಲಿ ತಾಯಿ ಅನ್ನುವ ಶಬ್ದ ಬಂದರೂ ಭಕ್ತಿಯಿಂದ ಬರುವುದಿಲ್ಲ. ಮಣ್ಣಿನ ಮೇಲೆ ಅಷ್ಟು ಸಿಟ್ಟಿರುವ ಮನುಷ್ಯ ಅದನ್ನು ಯಾಕೆ ಬಿಡುವುದಿಲ್ಲ ಅನ್ನುವುದಕ್ಕೆ ಉತ್ತರ ಭಾವನೆಗಿಂತ ಹೆಚ್ಚಾಗಿ ತಾಲೂಕು ಆಫೀಸಿನ ಕಾಗದದಲ್ಲಿದೆ. ಅದು ಇನ್ನೂರು ವರ್ಷದ ಕತೆ.

ಮೊದಲು ಜಾಗದ ಲೆಕ್ಕ ನೋಡಿ. ಉತ್ತರ ಕನ್ನಡ ಜಿಲ್ಲೆಯ ಸುಮಾರು ಶೇಕಡಾ 80ರಷ್ಟು ಅರಣ್ಯ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಘಟ್ಟ ಇಳಿದು ಮುಗಿಯುವಷ್ಟರಲ್ಲಿ ಸಮುದ್ರ ಶುರು. ನಡುವೆ ಶರಾವತಿ, ಅಘನಾಶಿನಿ, ವೆಂಕಟಾಪುರ ಹೊಳೆ. ಉಳಿದದ್ದರಲ್ಲಿ ಊರು, ರಸ್ತೆ, ರೈಲು, ತೋಟ, ಗದ್ದೆ ಎಲ್ಲ ಆಗಬೇಕು. ಹೀಗಾಗಿ ಇಲ್ಲಿ ಜನ ಮಾತಾಡುವುದೇ ಗುಂಟೆ ಲೆಕ್ಕದಲ್ಲಿ. ಬಯಲುಸೀಮೆಯ ಗೆಳೆಯನೊಬ್ಬ "ನಮ್ಮದು ಸಣ್ಣ ಹಿಡುವಳಿ, ಹನ್ನೆರಡು ಎಕರೆ" ಅಂದಾಗ ನಾನು ಸುಮ್ಮನೆ ಚಹಾ ಕುಡಿದೆ.

ಈ ಮೂರು ಊರುಗಳೂ ಒಂದು ಕಾಲದಲ್ಲಿ ಜಗತ್ತಿಗೆ ಗೊತ್ತಿದ್ದದ್ದು ಭತ್ತಕ್ಕಲ್ಲ. ವಿಜಯನಗರದ ಕಾಲದಲ್ಲಿ ಭಟ್ಕಳ ಕುದುರೆ ಇಳಿಯುವ ಬಂದರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿಗೆ ಹತ್ತಿ ಸಿಗದೇ ಹೋದ 1860ರ ದಶಕದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು, ವ್ಯಾಪಾರಿಗಳ ಬಾಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. 1880ರ ದಶಕದ ಕೊನೆಗೆ ಮರ್ಮಗೋವಾಕ್ಕೆ ರೈಲು ಬಂತು. ಹತ್ತಿ ಅತ್ತ ಹೋಯಿತು. ಕುದುರೆ ಹೋಯಿತು, ಮೆಣಸಿನ ದರಬಾರು ಹೋಯಿತು, ಹತ್ತಿ ಹೋಯಿತು. ಬಂದರು ನಂಬಿದವರಿಗೆ ಉಳಿದದ್ದು ಹೊಳೆದಂಡೆಯ ಗದ್ದೆ. ಪ್ರೀತಿಗಾಗಿ ಅಂತಲ್ಲ, ಬೇರೇನೂ ಇರಲಿಲ್ಲ.

ಹಾಗಂತ ಗದ್ದೆ ಯಾರದು?

1799ರಲ್ಲಿ ಟಿಪ್ಪು ಸತ್ತಮೇಲೆ ಕೆನರಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅವನಿಗೆ ಇಲ್ಲಿನ ಮಳೆ ಹಿಡಿಸಲಿಲ್ಲ, ವರ್ಷ ಚಿಲ್ಲರೆಯಲ್ಲೇ ಇಲ್ಲಿಂದ ಹೊರಟ. ಆದರೆ ಒಂದು ವಿಷಯ ಅವನನ್ನು ಬೆರಗುಗೊಳಿಸಿತ್ತು: ಇಲ್ಲಿ ಜಮೀನು ರಾಜನದ್ದಲ್ಲ, ಖಾಸಗಿ ಜನರದ್ದು. ಕ್ರಯಪತ್ರ, ಅಡವುಪತ್ರ ಇಟ್ಟುಕೊಂಡಿದ್ದಾರೆ, ಮಾರುತ್ತಾರೆ, ಮಕ್ಕಳಿಗೆ ಬಿಡುತ್ತಾರೆ. ಅದಕ್ಕೂ ಮುಂಚೆ 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಅಳೆದು ನಿಗದಿ ಮಾಡಿದ್ದ ಕಂದಾಯಕ್ಕೆ 'ಶಿಸ್ತು' ಅಂತ ಹೆಸರು. ಆ ಶಿಸ್ತನ್ನು ಕಟ್ಟುತ್ತಿರುವವರೆಗೆ ಜಮೀನು ನಮ್ಮದು ಅನ್ನುವುದು ಇಲ್ಲಿನವರ ಲೆಕ್ಕ.

1862ರಲ್ಲಿ ಉತ್ತರದ ತಾಲೂಕುಗಳನ್ನು ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದರು. ಹೊಸ ಸರ್ಕಾರ ಹೊಸ ಸರ್ವೆ ಮಾಡಿ ಕಂದಾಯ ಏರಿಸಹೊರಟಿತು. ಆಗ ಇಲ್ಲಿನ ಭೂಮಾಲೀಕರು ದಂಗೆ ಏಳಲಿಲ್ಲ, ಕೋರ್ಟಿಗೆ ಹೋದರು. ಹಳೇ ಶಿಸ್ತು ಕಾಯಂ, ಏರಿಸುವ ಹಕ್ಕು ನಿಮಗಿಲ್ಲ ಅಂತ ವಾದ. 1875ರಲ್ಲಿ ಬೊಂಬಾಯಿ ಹೈಕೋರ್ಟು ಸರ್ಕಾರದ ಪರ ತೀರ್ಪು ಕೊಟ್ಟಿತು. ವೈಕುಂಠ ಬಾಪೂಜಿ ಪ್ರಕರಣ ಅಂತ ಕಾನೂನು ಪುಸ್ತಕಗಳಲ್ಲಿ ಇವತ್ತಿಗೂ ಸಿಗುತ್ತದೆ. ಸೋತರೇನಂತೆ, ಜಮೀನಿನ ಜಗಳವನ್ನು ಕಾಗದದಲ್ಲೇ ಆಡಬೇಕು ಅನ್ನುವ ಅಭ್ಯಾಸ ಈ ಜಿಲ್ಲೆಗೆ ಆವಾಗಿನಿಂದಲೂ ಇದೆ. ನಮ್ಮೂರಲ್ಲಿ ಓದು ಬಾರದ ಮುದುಕರಿಗೂ ಸರ್ವೆ ನಂಬರ್ ಹಿಸ್ಸಾ ಸಮೇತ ಬಾಯಿಪಾಠ ಇರುವುದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಆಗಿದ್ದು ಜಮೀನಿನ ಒಡೆಯರ ಕತೆ. ಉಳುತ್ತಿದ್ದವರ ಕತೆ ಬೇರೆ. ನನ್ನ ಅಜ್ಜ ಆ ಎರಡನೇ ಪಂಗಡ.

ಗೇಣಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮೂಲಗೇಣಿ ಅಂದರೆ ಕಾಯಂ, ತಲೆಮಾರು ದಾಟಿದರೂ ನಿಗದಿ ಗೇಣಿ ಕೊಟ್ಟರೆ ಎಬ್ಬಿಸುವಂತಿಲ್ಲ. ಚಾಲಗೇಣಿ ಅಂದರೆ ಒಡೇರ ಮನಸ್ಸು ಇರುವ ತನಕ. ನಮ್ಮಜ್ಜನದ್ದು ಚಾಲಗೇಣಿ. ಕೊಯ್ಲು ಮುಗಿದ ಮೇಲೆ ಅಂಗಳದಲ್ಲೇ ಕೊಳಗದಲ್ಲಿ ಅಳೆದು ಅರ್ಧ ಭತ್ತ ಒಡೇರ ಮನೆಗೆ. ಮಳೆ ಹೆಚ್ಚಾಗಿ ಪೈರು ಕೊಳೆತ ವರ್ಷ ಬಾಕಿ ನಿಲ್ಲುತ್ತಿತ್ತು, ಬಾಕಿ ಮುಂದಿನ ವರ್ಷದ ಲೆಕ್ಕಕ್ಕೆ. ಅಜ್ಜಿ ಹೇಳುತ್ತಿದ್ದದ್ದು: ಗದ್ದೆಯ ಅಂಚಿನಲ್ಲಿ ಒಂದು ತೆಂಗಿನ ಸಸಿ ನೆಡುವುದಕ್ಕೂ ಧೈರ್ಯ ಇರಲಿಲ್ಲವಂತೆ. ಮರ ಫಲ ಕೊಡುವುದಕ್ಕೆ ಏಳೆಂಟು ವರ್ಷ ಬೇಕು. ಮುಂದಿನ ವರ್ಷ ಗದ್ದೆ ತನ್ನ ಕೈಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ತೆಂಗು ನೆಡುತ್ತಾನಾ?

ಇಂಥ ಒಕ್ಕಲುಗಳ ಪರವಾಗಿ ಈ ಜಿಲ್ಲೆಯಲ್ಲಿ ಮೊದಲು ಗಟ್ಟಿ ದನಿ ಎತ್ತಿದವರು ಅಂಕೋಲೆಯ ಅಲಗೇರಿಯ ದಿನಕರ ದೇಸಾಯಿ. ನಿಮಗೆ ಅವರು ಚುಟುಕದಿಂದ ಗೊತ್ತಿರಬಹುದು. ಶಾಲೆಯಲ್ಲಿ ನಾವೂ ಅಷ್ಟೇ ಓದಿದ್ದು. ಆದರೆ ಚುಟುಕದ ಮನುಷ್ಯ ರೈತಕೂಟ ಕಟ್ಟಿ, ಉಳುವವನೇ ಹೊಲದೊಡೆಯ ಅಂತ ಹಳ್ಳಿ ಹಳ್ಳಿ ತಿರುಗಿದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಐದು ವರ್ಷ ಸ್ವಂತ ಊರಿಗೆ ಕಾಲಿಡುವಂತಿರಲಿಲ್ಲ. ಮಜಾ ನೋಡಿ, ಅದಕ್ಕೂ ಹತ್ತು ವರ್ಷ ಮೊದಲು ಇದೇ ಜಿಲ್ಲೆಯ ಅಂಕೋಲಾ, ಸಿದ್ದಾಪುರಗಳಲ್ಲಿ ಕರನಿರಾಕರಣೆ ಮಾಡಿದ ರೈತರ ಜಮೀನು ಜಪ್ತಿಯಾಗಿ, ಬೊಂಬಾಯಿಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ವಾಪಸು ಸಿಕ್ಕಿತ್ತು. ಕರ ಕಟ್ಟದ ಒಡೆಯನಿಗೆ ಜಮೀನು ಮರಳಿ ಬಂತು. ಗೇಣಿ ಸರಿಯಾಗಿ ಕೊಟ್ಟ ಒಕ್ಕಲಿಗೆ ಮರಳಿಸುವುದಕ್ಕೆ ಏನೂ ಇರಲೇ ಇಲ್ಲ.

ಈಗ ನನಗೆ ಯಾವಾಗಲೂ ಹೊಟ್ಟೆ ಉರಿಸುವ ಭಾಗಕ್ಕೆ ಬರೋಣ. ಬೊಂಬಾಯಿ ಸರ್ಕಾರ 1948ರಲ್ಲಿ ಗೇಣಿ ಕಾನೂನು ಮಾಡಿತು. ಆಮೇಲೆ ಅದಕ್ಕೆ ತಿದ್ದುಪಡಿ ತಂದು 1957ರ ಏಪ್ರಿಲ್ 1ನ್ನು 'ಉಳುವವನ ದಿನ' ಅಂತ ಗೊತ್ತುಮಾಡಿತು. ಆ ದಿನದಿಂದ ಉಳುವವನೇ ಗದ್ದೆಯ ಖರೀದಿದಾರ ಅಂತ ಕಾನೂನು. ಆದರೆ 1956ರ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆ ಆಗಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಮೈಸೂರು ಸರ್ಕಾರ ಆ ಕಲಮುಗಳನ್ನು ತಡೆಹಿಡಿಯಿತು. ಇಡೀ ರಾಜ್ಯಕ್ಕೆ ಒಂದೇ ಕಾನೂನು ಮಾಡೋಣ ಅಂತ ಬಿ.ಡಿ. ಜತ್ತಿ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು. ವರದಿ ಬಂತು, 1961ರಲ್ಲಿ ಭೂಸುಧಾರಣಾ ಕಾಯಿದೆ ಆಯಿತು, ಅದು ಜಾರಿಗೆ ಬಂದದ್ದು 1965ರಲ್ಲಿ, ಅದರಲ್ಲಿ ಒಡೆಯರಿಗೆ ಬೇಕಾದಷ್ಟು ಸಂದು. ಕನ್ನಡನಾಡು ಒಂದಾದ ಸಂಭ್ರಮವನ್ನು ನಾನು ಕಡಿಮೆ ಮಾಡುತ್ತಿಲ್ಲ, ನವೆಂಬರಿನಲ್ಲಿ ನಾನೂ ಶಾಲು ಹಾಕಿಕೊಳ್ಳುತ್ತೇನೆ. ಆದರೆ ಕುಮಟಾ, ಹೊನ್ನಾವರದ ಗೇಣಿದಾರನ ಮಟ್ಟಿಗೆ ಆ ಐದು ತಿಂಗಳು ಹದಿನೇಳು ವರ್ಷವಾಯಿತು.

ಯಾಕಂದರೆ ನಿಜವಾದ ಕಾನೂನು ಬಂದದ್ದು 1974ರ ಮಾರ್ಚ್ 1ರಂದು, ದೇವರಾಜ ಅರಸು ಕಾಲದಲ್ಲಿ. ಗೇಣಿಯಲ್ಲಿದ್ದ ಎಲ್ಲ ಜಮೀನೂ ಆ ದಿನ ಸರ್ಕಾರದ್ದು. ಉಳುತ್ತಿದ್ದವನು ಏಳನೇ ನಂಬರ್ ಫಾರ್ಮು ತುಂಬಿ ಅರ್ಜಿ ಕೊಡಬೇಕು. ನಮ್ಮ ಕರಾವಳಿಯಲ್ಲಿ ಅದಕ್ಕೆ 'ಡಿಕ್ಲರೇಷನ್ ಕೊಡೋದು' ಅಂತಾರೆ, ಆ ಗದ್ದೆಗೆ ಇವತ್ತಿಗೂ 'ಡಿಕ್ಲರೇಷನ್ ಜಾಗ' ಅಂತ ಹೆಸರು. ತಾಲೂಕಿಗೊಂದು ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಹೊರಗಿನ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ. ಈ ಕೊನೆಯದನ್ನು ಯೋಚಿಸಿದವರಿಗೆ ದೊಡ್ಡ ನಮಸ್ಕಾರ. ಹೈಕೋರ್ಟಿನವರೆಗೆ ಹೋಗಿ ಬಂದ ಅಭ್ಯಾಸವಿದ್ದ ಜಿಲ್ಲೆಯಲ್ಲಿ ವಕೀಲರನ್ನು ಒಳಗೆ ಬಿಟ್ಟಿದ್ದರೆ ನಮ್ಮಜ್ಜ ಬಾಯಿ ತೆರೆಯುವ ಮೊದಲೇ ಕೇಸು ಮುಗಿದಿರುತ್ತಿತ್ತು.

ಇಷ್ಟಾದರೂ ಅಜ್ಜನ ಹತ್ತಿರ ತೋರಿಸುವುದಕ್ಕೆ ಏನೂ ಇರಲಿಲ್ಲ. ಗೇಣಿ ಕೊಟ್ಟದ್ದು ಭತ್ತದಲ್ಲಿ, ಭತ್ತಕ್ಕೆ ಯಾರೂ ರಸೀದಿ ಬರೆಯುವುದಿಲ್ಲ. ಇದ್ದದ್ದು ಪಹಣಿ ಒಂದೇ. ಪಹಣಿ ನೋಡಿದವರಿಗೆ ಗೊತ್ತು, ಒಂಬತ್ತನೇ ಕಾಲಮ್ಮಿನಲ್ಲಿ ಮಾಲೀಕನ ಹೆಸರು, ಹನ್ನೆರಡನೇ ಕಾಲಮ್ಮಿನಲ್ಲಿ ಸಾಗುವಳಿ ಮಾಡುವವನ ಹೆಸರು, ಏನು ಬೆಳೆ ಅಂತ. ಇಡೀ ರಾಜ್ಯದ ಭೂಸುಧಾರಣೆ ನಿಂತದ್ದು ಆ ಹನ್ನೆರಡನೇ ಕಾಲಮ್ಮಿನ ಮೇಲೆ. ಶಾನುಭೋಗರು ಅಲ್ಲಿ ಗೇಣಿದಾರನ ಹೆಸರು ಬರೆದಿದ್ದರೆ ಬಚಾವ್. ಕೆಲವು ಕಡೆ 'ಸ್ವಂತ' ಅಂತ ಬರೆದು ಕೈತೊಳೆದಿದ್ದರು, ಅಲ್ಲಿ ಅಕ್ಕಪಕ್ಕದ ಗದ್ದೆಯವರು ಬಂದು ಸಾಕ್ಷಿ ಹೇಳಬೇಕು. ಅಕ್ಕಪಕ್ಕದವರೂ ಅದೇ ಒಡೇರ ಒಕ್ಕಲು.

ನಮ್ಮ ಒಡೇರು ಅಂದರೆ ಸಿನಿಮಾದಲ್ಲಿ ಬರುವ ಜಮೀನ್ದಾರ ಅಂದುಕೊಳ್ಳಬೇಡಿ. ಗಂಡ ತೀರಿಕೊಂಡ ಒಬ್ಬ ಹೆಂಗಸು, ಎಲ್ಲ ಸೇರಿ ನಾಲ್ಕು ಎಕರೆ, ಓದುವ ಮಕ್ಕಳು. ಆ ಭತ್ತದಲ್ಲೇ ಅವರ ಊಟ. ಕರಾವಳಿಯಲ್ಲಿ ಇಂಥ ಸಣ್ಣ ಒಡೆಯರು ಬೇಕಾದಷ್ಟು ಇದ್ದರು, ಕಾನೂನು ಅವರನ್ನೂ ದೊಡ್ಡವರನ್ನೂ ಒಂದೇ ಕತ್ತರಿಯಲ್ಲಿ ಕತ್ತರಿಸಿತು. ಡಿಕ್ಲರೇಷನ್ ಕೊಡುವ ಮುಂಚೆ ಅಜ್ಜ ಅವರ ಮನೆಗೆ ಹೋಗಿ ಅಂಗಳದಲ್ಲೇ ನಿಂತು, "ಅಮ್ಮಾ, ಕೊಡ್ಲಾ ಬೇಡ್ವಾ?" ಅಂತ ಕೇಳಿದರಂತೆ. ಅವರು ತುಂಬ ಹೊತ್ತು ಸುಮ್ಮನಿದ್ದು, "ನೀ ಕೊಡದಿದ್ರೆ ಇನ್ಯಾರೋ ಕೊಡ್ತಾರೋ. ಕೊಡು ಹೋಗು" ಅಂದರಂತೆ. ಆಮೇಲೆ ಅಜ್ಜ ಸಾಯುವ ತನಕ ಪ್ರತಿ ವರ್ಷ ಹೊಸ ಅಕ್ಕಿ ಒಂದು ಕೊಳಗ ಆ ಮನೆಗೆ ಹೋಗುತ್ತಿತ್ತು. ಅದು ಗೇಣಿ ಅಲ್ಲ, ಏನು ಅಂತ ಅಜ್ಜನೂ ಹೇಳಲಿಲ್ಲ. ಆ ಮನೆಯ ಮೊಮ್ಮಗ ಈಗ ಬೆಂಗಳೂರಿನಲ್ಲಿ ನಮ್ಮ ಟೆಕ್ ಪಾರ್ಕಿನಲ್ಲೇ ಇದ್ದಾನೆ. ಮನೆ ಬಿಟ್ಟು ಓದಲೇಬೇಕಾದದ್ದು ತಮಗೆ ಒಳ್ಳೆಯದೇ ಆಯಿತು ಅಂತ ಅವನು ತಮಾಷೆ ಮಾಡುತ್ತಾನೆ. ಅವನ ಅಪ್ಪ ಮಾತ್ರ ಆ ವಿಷಯಕ್ಕೆ ಇನ್ನೂ ನಗುವುದಿಲ್ಲ.

ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಡಿಕ್ಲರೇಷನ್ ಬಂದವು, ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರ ಆದವು. ಅರ್ಜಿ ಕೊಡುವ ಕೊನೆಯ ದಿನ ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಕಾನೂನು ಚೆನ್ನಾಗಿ ಕೆಲಸ ಮಾಡಿದ್ದು ಎರಡೂ ಕನ್ನಡ ಜಿಲ್ಲೆ ಮತ್ತು ಶಿವಮೊಗ್ಗದಲ್ಲಿ ಅನ್ನುವುದನ್ನು ಇದರ ಬಗ್ಗೆ ಬರೆದವರೆಲ್ಲ ಒಪ್ಪುತ್ತಾರೆ. ನಮ್ಮ ಗದ್ದೆಯ ಅಂಚಿನಲ್ಲಿ ಈಗ ಒಂಬತ್ತು ತೆಂಗಿನ ಮರ ಇವೆ. ಎಲ್ಲ ಆ ಆದೇಶ ಬಂದ ಮಳೆಗಾಲದಲ್ಲಿ ನೆಟ್ಟದ್ದು.

ಈ ಇತಿಹಾಸದಿಂದ ನಮ್ಮ ಜನ ಕಲಿತ ಪಾಠ ಒಂದೇ: ಸಾಗುವಳಿ ಮಾಡಿದವನದ್ದು ಗದ್ದೆ. ಅದು ಉಲ್ಟಾ ಕೂಡ ನಿಜ, ಸಾಗುವಳಿ ಬಿಟ್ಟರೆ ಹೋಯಿತು. ಕಾನೂನು ಇನ್ನುಮುಂದೆ ಗೇಣಿಗೆ ಕೊಡುವಂತೆಯೇ ಇಲ್ಲ ಅಂದಿತು. ಹೀಗಾಗಿ ಡಿಕ್ಲರೇಷನ್ನಿನಲ್ಲಿ ಗದ್ದೆ ಪಡೆದವನೇ ಅದನ್ನು ಬೇರೆಯವರಿಗೆ ಮಾಡಲು ಕೊಡುವುದಕ್ಕೆ ಹೆದರುತ್ತಾನೆ. ನಾನು ಹೇಗೆ ತೆಗೆದುಕೊಂಡೆನೋ ಹಾಗೇ ಇವನೂ ತೆಗೆದುಕೊಂಡರೆ? ನಮ್ಮ ದೊಡ್ಡಪ್ಪನಿಗೆ ಎಪ್ಪತ್ತೊಂದು. ಪಕ್ಕದ ಕೇರಿಯ ಹುಡುಗರು ಮಾಡಿಕೊಡುತ್ತೇವೆ ಅಂದರೂ ಕೊಡುವುದಿಲ್ಲ. ಹೊರಗಿನಿಂದ ನೋಡಿದವರು ಇದನ್ನು ಮಣ್ಣಿನ ಪ್ರೀತಿ ಅಂತಾರೆ. ಅರ್ಧ ಭಾಗ ಹೆದರಿಕೆ ಅಂತ ನನ್ನ ಅಂದಾಜು.

ಡಿಕ್ಲರೇಷನ್ ಕೊಡುವುದಕ್ಕೆ ಗೇಣಿ ಗದ್ದೆಯೂ ಇಲ್ಲದವರ ಪಾಡು ಇನ್ನೂ ಕಷ್ಟ. ಅವರು ಗುಡ್ಡದ ಬುಡದಲ್ಲಿ ಕಾಡಿನ ಅಂಚು ಸವರಿ ಗದ್ದೆ, ಸಣ್ಣ ತೋಟ ಮಾಡಿದರು. ಸರ್ಕಾರಿ ಭಾಷೆಯಲ್ಲಿ ಅತಿಕ್ರಮಣದಾರರು. 2006ರ ಅರಣ್ಯ ಹಕ್ಕು ಕಾಯಿದೆ ಬಂದಾಗ ಈ ಜಿಲ್ಲೆಯಿಂದ ಹತ್ತಾರು ಸಾವಿರ ಅರ್ಜಿ ಹೋದವು, ಬಹುಪಾಲು ತಿರಸ್ಕಾರ ಆದವು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆ ಸಾಕು. ಉಳಿದವರು ಅದಕ್ಕೂ 75 ವರ್ಷ ಹಿಂದಿನಿಂದ, ಅಂದರೆ 1930ರಿಂದ, ಅಲ್ಲಿದ್ದೇವೆ ಅಂತ ತೋರಿಸಬೇಕು. ಹಾಲಕ್ಕಿ ಒಕ್ಕಲಿಗರು ಪಂಗಡದ ಪಟ್ಟಿಗೆ ಸೇರಿಸಿ ಅಂತ ಕೇಳುತ್ತಲೇ ಇದ್ದಾರೆ, ಇನ್ನೂ ಸೇರಿಲ್ಲ, ಹಾಗಾಗಿ ಅವರಿಗೂ 1930ರ ದಾಖಲೆ ಬೇಕು. ಗಾಂಧಿ ಉಪ್ಪು ಹೆಕ್ಕಿದ ವರ್ಷದಲ್ಲಿ ತನ್ನಜ್ಜ ಎಲ್ಲಿ ಮಡಿ ಕಟ್ಟುತ್ತಿದ್ದ ಅನ್ನುವುದಕ್ಕೆ ಕಾಗದ ತೋರಿಸಿ ಅಂದರೆ ಬೆಂಗಳೂರಿನಲ್ಲಿ ಫ್ಲ್ಯಾಟ್ ಇರುವ ನಮ್ಮಲ್ಲಿ ಎಷ್ಟು ಜನ ತೋರಿಸಬಲ್ಲೆವು? ಕಾಗದ ಇಲ್ಲದವನ ಹತ್ತಿರ ಇರುವ ಒಂದೇ ಸಾಕ್ಷಿ ಅಂದರೆ ಈ ವರ್ಷವೂ ಅಲ್ಲಿ ನಿಂತಿರುವ ಬೆಳೆ. ಬೇಸಾಯ ನಷ್ಟ ಅಂತ ಅವನು ಒಂದು ವರ್ಷ ರಜೆ ಹಾಕುವಂತಿಲ್ಲ.

ಹೆದರಿಕೆ ಅಲ್ಲದ ಕಾರಣಗಳೂ ಇವೆ ಅನ್ನಿ. ಕುಮಟಾದ ಗಜನಿ ಗದ್ದೆಗಳನ್ನು ನೀವು ನೋಡಿರಬಹುದು, ಗೋಕರ್ಣಕ್ಕೆ ಹೋಗುವಾಗ ಕಿಟಕಿಯಿಂದ ಕಾಣುವ ನೀರು ತುಂಬಿದ ಬಯಲು. ಅಘನಾಶಿನಿಯ ಉಪ್ಪುನೀರು ಉಬ್ಬರದಲ್ಲಿ ನುಗ್ಗದ ಹಾಗೆ ಕಟ್ಟೆ ಕಟ್ಟಿ ಮಾಡಿದ ಗದ್ದೆಗಳು. ಮಾಣಿಕಟ್ಟೆಯ ಸುತ್ತ ಅಲ್ಲಿ ಬೆಳೆಯುವುದು ಕಗ್ಗ ಅನ್ನುವ ಭತ್ತ. ಉಪ್ಪು ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ಎದ್ದು ಬರುತ್ತದೆ, ಆಳೆತ್ತರ ಬೆಳೆಯುತ್ತದೆ. ಮೊದಲ ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬಂದ ಬೀಜ ಬಿತ್ತಿದರೆ ಆಯಿತು, ಗೊಬ್ಬರ ಇಲ್ಲ, ಔಷಧಿ ಇಲ್ಲ. ಕೊಯ್ಲಾದ ಮೇಲೆ ನೀರು ಬಿಟ್ಟರೆ ಅದೇ ಗದ್ದೆಗೆ ಸಿಗಡಿ, ಮೀನು. ಭತ್ತದ ಕೊಳೆತ ಕೂಳೆ ಅವಕ್ಕೆ ಆಹಾರ.

ಗಜನಿಯ ವಿಶೇಷ ಏನೆಂದರೆ ಅಲ್ಲಿ ಒಬ್ಬನೇ ಬೇಸಾಯ ಮಾಡುವುದಕ್ಕೂ ಆಗುವುದಿಲ್ಲ, ಒಬ್ಬನೇ ಬಿಡುವುದಕ್ಕೂ ಆಗುವುದಿಲ್ಲ. ಕಟ್ಟೆ ಒಂದು ಕಡೆ ಒಡೆದರೆ ಉಪ್ಪುನೀರಿಗೆ ಯಾರ ಸರ್ವೆ ನಂಬರ್ ಅಂತ ಗೊತ್ತಾಗುವುದಿಲ್ಲ. ಮೊದಲು ಊರವರೇ ಸೇರಿ ಮಣ್ಣಿನ ಕಟ್ಟೆ ರಿಪೇರಿ ಮಾಡಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಖಾರ್ ಲ್ಯಾಂಡ್ ಯೋಜನೆಯಲ್ಲಿ ಕಾಯಂ ಕಟ್ಟೆ ಕಟ್ಟಿಸಿತು. ಊರವರ ಕೆಲಸ ಇಲಾಖೆಯ ಕೆಲಸವಾಯಿತು, ಊರವರು ಕೈಬಿಟ್ಟರು. ಆಮೇಲೆ ಸಿಗಡಿ ಕೃಷಿಯ ದುಡ್ಡು ಬಂತು. ವರ್ಷಪೂರ್ತಿ ಉಪ್ಪುನೀರು ನಿಲ್ಲಿಸಿಕೊಂಡರೆ ಭತ್ತಕ್ಕಿಂತ ಎಷ್ಟೋ ಪಟ್ಟು ಲಾಭ, ಗುತ್ತಿಗೆದಾರರು ಮುಂಗಡ ಕೊಟ್ಟರು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ಸಿಗಡಿ ಸತ್ತಿತು, ಗುತ್ತಿಗೆದಾರರು ಹೋದರು, ಉಪ್ಪು ಉಳಿಯಿತು. ಕಗ್ಗ ಮತ್ತೆ ಬೆಳೆಯುತ್ತಿರುವುದು ಆಗಲೂ ಬೀಜ ಬಿಡದ ಕೆಲವು ಮನೆಗಳಿಂದ. ಎಕ್ಸೆಲ್ ಶೀಟ್ ಪ್ರಕಾರ ಆ ಮನೆಯವರು ದಡ್ಡರಾಗಿದ್ದರು. ಮುಂದೆ ಇದೇ ಅಘನಾಶಿನಿ ಬಾಯಲ್ಲಿ, ತದಡಿಯಲ್ಲಿ, 4000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡುತ್ತೇವೆ ಅಂತ ಬಂದಾಗ ಜನ ಎದ್ದು ನಿಂತು ಅದನ್ನು ನಿಲ್ಲಿಸಿದರು.

ಗುಂಟೆಯಲ್ಲೂ ದುಡ್ಡು ಕೊಡುವ ಬೆಳೆ ಇಲ್ಲದೇ ಇಲ್ಲ. ಕುಮಟಾದ ಅಳ್ವೆಕೋಡಿ, ಹಂದಿಗೋಣದ ಹತ್ತಿರ ಬೇಸಿಗೆಯಲ್ಲಿ ಹೈವೇ ಪಕ್ಕ ಜಡೆ ಹೆಣೆದು ನೇತುಹಾಕಿದ ಸಿಹಿ ಈರುಳ್ಳಿ ಕೊಂಡಿರುತ್ತೀರಿ. ಭತ್ತದ ಗದ್ದೆಯಲ್ಲೇ ಎರಡನೇ ಬೆಳೆಯಾಗಿ ಬಂದದ್ದು ಅದು. ಭಟ್ಕಳದಲ್ಲಿ ಮಲ್ಲಿಗೆ, ನಾಲ್ಕು ಗುಂಟೆ ಇದ್ದರೂ ಸಾಕು, ಬೆಳಿಗ್ಗೆ ಮೊಗ್ಗು ಕೊಯ್ದು ಕಟ್ಟುವ ಹೆಂಗಸರ ಕೈಗೆ ನೇರ ಹಣ. ಭತ್ತದ ದುಡ್ಡು ಯಾವತ್ತೂ ಅವರ ಕೈಗೆ ಹಾಗೆ ಬಂದಿರಲಿಲ್ಲ.

ಕೊಳ್ಳುವವರ ಕಡೆಯಿಂದ ನೋಡಿದರೆ, 2020ರವರೆಗೆ ಕೃಷಿಕರಲ್ಲದವರು ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ತಡೆದಿದ್ದವು. ಆ ವರ್ಷ ಅವನ್ನು ತೆಗೆದರು. ಆಮೇಲೆಯೇ ನನ್ನ ಆಫೀಸಿನಲ್ಲಿ ಎಕರೆ ರೇಟಿನ ವಿಚಾರಣೆ ಜಾಸ್ತಿಯಾದದ್ದು. ಯಾರಿಗಾದರೂ ಸಂಬಳದ ದುಡ್ಡಿನಲ್ಲಿ ಹೊಳೆ ಪಕ್ಕ ನಾಲ್ಕು ಗುಂಟೆ ಬೇಕು ಅನಿಸಿದರೆ ನನಗೆ ಸಿಟ್ಟಿಲ್ಲ. ಆದರೆ ನಮ್ಮದು ಸಿಗುವುದು ಕಷ್ಟ. ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ ಈಗ ಹನ್ನೊಂದು ಹೆಸರಿವೆ: ದೊಡ್ಡಪ್ಪ, ಅಪ್ಪ, ಮೂವರು ಅತ್ತೆಯಂದಿರು, ತೀರಿಕೊಂಡ ಚಿಕ್ಕಪ್ಪನ ಹೆಂಡತಿ ಮಕ್ಕಳು, ಹೀಗೆ. ಪೋಡಿ ಆಗಿಲ್ಲ. ಹನ್ನೊಂದೂ ಜನ ಒಂದೇ ದಿನ ಹೊನ್ನಾವರದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬರುವುದು ನಮ್ಮ ಮನೆಯ ಮದುವೆಗೂ ಆಗಿಲ್ಲ.

ಹನ್ನೆರಡನೇ ಕಾಲಮ್ಮಿನ ಬೆಳೆಯನ್ನು ಈಗ ಶಾನುಭೋಗರು ಬರೆಯುವುದಿಲ್ಲ, ಬೆಳೆ ಸಮೀಕ್ಷೆ ಆಪ್‌ನಲ್ಲಿ ಗದ್ದೆಯಲ್ಲೇ ನಿಂತು ಫೋಟೋ ತೆಗೆದು ಹಾಕಬೇಕು. ದೊಡ್ಡಪ್ಪನ ಫೋನಿನಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ನಾನು ಊರಿಗೆ ಹೋದರೆ ಮೊದಲ ಕೆಲಸ ಅದೇ. ಹೋದ ಸಲ ಮಳೆ ಜೋರಿತ್ತು, ನಾಳೆ ತೆಗೆಯೋಣ ಅಂದೆ. "ನಾಳೆ ಎಂತಕ್ಕೆ ತಮಾ, ಈಗ್ಲೇ ತೆಗಿ" ಅಂದವರೇ ಕೊಡೆ ಹಿಡಿದು ಅಂಚಿನ ಮೇಲೆ ನಿಂತರು. ಲೊಕೇಶನ್ ಸಿಗುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅಪ್‌ಲೋಡ್ ಆಯ್ತು ಅಂದಮೇಲೂ ಫೋನು ಇಸಿದುಕೊಂಡು, ಕನ್ನಡಕ ಒರೆಸಿ, ಬೆಳೆ ಅನ್ನುವ ಜಾಗದಲ್ಲಿ ಭತ್ತ ಅಂತಲೇ ಬಂದಿದೆಯಾ ಅಂತ ಎರಡು ಸಲ ಓದಿದರು.